ಕಳ್ಳನಿಲ್ಲದ ಪತ್ತೇದಾರಿ

ಬ್ಯಾಗಿಲ್ಲದ ಶನಿವಾರಕ್ಕೆ ಮಕ್ಕಳಿಂದ ಏನು ಮಾಡಿಸುವುದು ಎಂಬ ಚರ್ಚೆ ನಮ್ಮ ಶಾಲೆಯಲ್ಲಿ ಶುಕ್ರವಾರ ಸಂಜೆ, ಎಲ್ಲರೂ ಬಸ್ಸಿಗೆ ಹೊರಡುವ ಹೊತ್ತಿಗೇ ಶುರುವಾಗುತ್ತದೆ. ಚಿತ್ರ, ಹಾಡು, ಕಾಗದದ ದೋಣಿ, ಮಣ್ಣಿನ ಗೊಂಬೆ ಎಲ್ಲವೂ ಆಗಿಹೋಗಿದ್ದವು. ಪತ್ತೇದಾರಿ ಆಟ ಆಡಿಸಿ ಎಂದು ಸೂಚಿಸಿದವರು ಐದನೇ ತರಗತಿಯ ಮೇಷ್ಟ್ರು. ಅವರ ಮೊಬೈಲಿನಲ್ಲಿ ಸಿದ್ಧ ಚಟುವಟಿಕೆಯೊಂದು ಇತ್ತು. ತರಗತಿಯಿಂದ ಒಂದು ವಸ್ತು ಕಾಣೆಯಾಗಿದೆ. ನಾಲ್ವರ ಮೇಲೆ ಅನುಮಾನ. ಸುಳಿವುಗಳನ್ನು ಓದಿ ಕಳ್ಳನನ್ನು ಹಿಡಿಯಬೇಕು.

ಆಟ ನನಗೆ ಹಿಡಿಸಿತು. ಕಳ್ಳ ಮಾತ್ರ ಹಿಡಿಸಲಿಲ್ಲ.

ನನ್ನದು ನಲಿಕಲಿ ಕೋಣೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡು ಹಿಡಿದು ತಂತಮ್ಮ ಕಲಿಕೆಯ ಮೆಟ್ಟಿಲು ಹತ್ತುತ್ತಾರೆ. ಇಂಥ ಕೋಣೆಯಲ್ಲಿ ಒಂದು ರಬ್ಬರ್ ಕಾಣೆಯಾದರೆ ಏನಾಗುತ್ತದೆಂದು ಚಿಕ್ಕ ಮಕ್ಕಳಿಗೆ ಪಾಠ ಮಾಡಿದವರಿಗೆಲ್ಲ ಗೊತ್ತು. ಹುಡುಕುವ ಮೊದಲೇ ಹೆಸರು ಹೊರಬೀಳುತ್ತದೆ. ಹೊರಬೀಳುವ ಹೆಸರೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಮೊಂಡು ಪೆನ್ಸಿಲ್ ಹಿಡಿದು ಬರುವ ಮಗು, ಊರಾಚೆಯ ಗುಡಿಸಲಿನಿಂದ ಬರುವ ಮಗು, ಇಟ್ಟಿಗೆ ಗೂಡಿನ ಕೆಲಸಕ್ಕೆಂದು ಬೇರೆ ಜಿಲ್ಲೆಯಿಂದ ಬಂದ ಕುಟುಂಬದ ಮಗು. ಆರು ವರ್ಷದವರಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ. ಜಗುಲಿಯ ಮೇಲೆ ದೊಡ್ಡವರು ಆಡಿದ ಮಾತು ಕಿವಿಗೆ ಬಿದ್ದಿರುತ್ತದೆ, ಅಷ್ಟೆ. ಅಂಥ ಕಡೆ ನಾನೇ ಒಬ್ಬ ಕಳ್ಳನನ್ನು ಸೃಷ್ಟಿಸಿ, ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಯಾರಿರಬಹುದು ಹೇಳಿ ಎಂದರೆ ಮಕ್ಕಳು ಸುಳಿವನ್ನು ನೋಡುವುದಿಲ್ಲ, ಮುಖ ನೋಡುತ್ತಾರೆ. ಅನುಮಾನಿತರ ಪಾತ್ರಕ್ಕೆ ಗೊಂಬೆಗಳನ್ನಿಟ್ಟರೂ ಅಷ್ಟೇ. ಗೊಂಬೆಗೊಂದು ಹೆಸರು ಬರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಆ ಹೆಸರು ಯಾವುದೋ ಮಗುವಿಗೆ ಅಂಟಿಕೊಳ್ಳುತ್ತದೆ.

ಹಾಗಾಗಿ ಯೋಜನೆಯ ಹಾಳೆಯಲ್ಲಿ ಮೊದಲು ಬರೆದುಕೊಂಡದ್ದು ಒಂದು ನಿಯಮ. ಮನುಷ್ಯರ ಬಗ್ಗೆ ‘ಯಾರು’ ಎಂದು ಕೇಳುವಂತಿಲ್ಲ. ಎಲ್ಲಿ, ಯಾವುದು, ಹೇಗೆ, ಯಾವಾಗ ಎಂದು ಎಷ್ಟು ಬೇಕಾದರೂ ಕೇಳಬಹುದು. ಪೊಲೀಸ್ ಪಾತ್ರವೂ ಬೇಡ, ಲಾಕಪ್ಪೂ ಬೇಡ. ಮೇಷ್ಟ್ರು ನಕ್ಕರು. “ಕಳ್ಳನೇ ಇಲ್ಲದ ಮೇಲೆ ಅದೆಂಥ ಪತ್ತೇದಾರಿ, ಮೇಡಂ? ಮಕ್ಕಳಿಗೆ ಸಪ್ಪೆ ಎನಿಸುವುದಿಲ್ಲವೇ?” ಎಂದರು. ಅವರ ಅನುಮಾನ ನ್ಯಾಯವಾದದ್ದೇ. ಸ್ವಾರಸ್ಯವನ್ನು ಬೇರೆ ಕಡೆಯಿಂದ ತರಬೇಕಿತ್ತು.

ನಮ್ಮ ಶಾಲೆಯ ಗಂಟೆ ಎಂದರೆ ಮರದ ಕೊಂಬೆಗೆ ತೂಗುಹಾಕಿದ ರೈಲು ಕಂಬಿಯ ತುಂಡು. ಅದನ್ನು ಬಡಿಯುವ ಚಿಕ್ಕ ಸುತ್ತಿಗೆ ಮುಖ್ಯ ಶಿಕ್ಷಕರ ಮೇಜಿನ ಕೆಳಗೆ ಇರುತ್ತದೆ. ಸುತ್ತಿಗೆ ಇಲ್ಲವೆಂದರೆ ಗಂಟೆಯಿಲ್ಲ, ಗಂಟೆಯಿಲ್ಲವೆಂದರೆ ಊಟದ ಬಿಡುವಿಲ್ಲ. ಮಕ್ಕಳ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಕರಣ ಬೇರೆ ಬೇಕೇ? ಸುತ್ತಿಗೆಗೆ ಬಡಿದು ಬಡಿದು ಬೇಸರವಾಗಿ ತಾನೇ ಎದ್ದು ಹೋಗಿದೆ, ಹೋಗುವಾಗ ಗುರುತು ಬಿಟ್ಟಿದೆ ಎಂದು ಕಥೆ ಕಟ್ಟಿದೆ. ಅಡಗಿಸುವ ಜಾಗ ಕೈತೋಟದ ಕರಿಬೇವಿನ ಬುಡದಲ್ಲಿ ಕವುಚಿಟ್ಟ ಒಡಕು ಬಕೆಟ್ಟಿನ ಅಡಿ.

ಸುಳಿವುಗಳನ್ನು ಹೆಣೆಯುವಾಗ ಬಕೆಟ್ಟಿನಿಂದ ಹಿಂದಕ್ಕೆ ನಡೆದು ಬಂದೆ. ಪ್ರತಿ ಸುಳಿವೂ ಏನನ್ನಾದರೂ ಹೇಳಬೇಕು, ಜೊತೆಗೆ ಯಾವುದೋ ಒಂದು ಜಾಗವನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ದಾರಿ ತಪ್ಪಿಸುವ ಸುಳ್ಳು ಸುಳಿವು ದೊಡ್ಡವರ ಕಥೆಗಳಲ್ಲಿ ಚೆನ್ನ. ಈ ವಯಸ್ಸಿನವರಿಗೆ ಅದು ಮೋಸ ಎನಿಸುತ್ತದೆ, ಆಮೇಲೆ ಯಾವ ಸುಳಿವನ್ನೂ ನಂಬುವುದಿಲ್ಲ. ಇನ್ನೊಂದು ಲೆಕ್ಕಾಚಾರ ಕೋಣೆಯದು. ಓದಲು ಬರುವವರೇ ಎಲ್ಲವನ್ನೂ ಬಿಡಿಸಿಬಿಟ್ಟರೆ ಒಂದನೇ ತರಗತಿಯವರು ಬಾಲದಂತೆ ಹಿಂದೆ ಅಲೆಯಬೇಕಾಗುತ್ತದೆ. ಅದಕ್ಕೇ ಮೂರೂ ತರಗತಿಯವರನ್ನು ಬೆರೆಸಿ ತಂಡ ಮಾಡಿದೆ. ಒಂದು ಸುಳಿವು ಕಿವಿಗೆ, ಒಂದು ಮೂಗಿಗೆ, ಒಂದು ಲೆಕ್ಕಕ್ಕೆ, ಒಂದು ಓದಿಗೆ ಎಂದು ಹಂಚಿದೆ.

ಮೊದಲನೆಯದು ಒಗಟು. “ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ.” ಮೊಟ್ಟೆ ಎಂದು ಕೂಗಿದವರು ಸೀದಾ ಬಿಸಿಯೂಟದ ಕೋಣೆಗೆ ಓಡಿದರು. ಅಲ್ಲಿ ನಮ್ಮ ಅಡುಗೆಯ ಅಕ್ಕ ಸಾಕ್ಷಿ. ಅವರಿಗೆ ಮೊದಲೇ ಹೇಳಿಟ್ಟಿದ್ದೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು. ಅವರು ಆ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, “ಅಕ್ಕ, ನಿಮಗೆ ಗೊತ್ತಿದೆಯಾ?” ಎಂದು ಒಬ್ಬ ಕೇಳಿದ್ದಕ್ಕೆ “ಗೊತ್ತಿದೆ” ಎಂದಷ್ಟೇ ಹೇಳಿ ಬೇಳೆ ತೊಳೆಯತೊಡಗಿದರು. “ಸುತ್ತಿಗೆಯನ್ನು ನೋಡಿದಿರಾ?” “ನೋಡಿದೆ.” ಮತ್ತೆ ಬೇಳೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ತರಗತಿಯ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಯೋಚಿಸಿ, “ನೋಡಿದಾಗ ಅದು ಯಾವ ಕಡೆಗೆ ಹೋಗುತ್ತಿತ್ತು?” ಎಂದಳು. ಅಕ್ಕ ಕೈ ಒರೆಸಿಕೊಂಡು, ಬೇವಿನ ಮರದ ಕಡೆ ಬೆರಳು ತೋರಿಸಿದರು. ಪ್ರಶ್ನಾರ್ಥಕ ಪದಗಳ ಕಾರ್ಡನ್ನು ನಾನು ಎಷ್ಟೋ ಸಲ ಓದಿಸಿದ್ದೇನೆ. ‘ಯಾವ’ ಎಂಬುದರ ಕೆಲಸ ಏನೆಂದು ಆ ಕಾರ್ಡಿನಿಂದ ಯಾರಿಗೂ ಇಷ್ಟು ಬೇಗ ಹತ್ತಿರಲಿಲ್ಲ.

ಬೇವಿನ ಮರಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಧ್ವಜಕಂಬದ ಕಡೆಗೆ ಹತ್ತು ಹೆಜ್ಜೆ’ ಎಂದಿತ್ತು. ಯಾರ ಹೆಜ್ಜೆ ಎಂದು ಬರೆದಿರಲಿಲ್ಲ, ಬೇಕೆಂದೇ. ಎಲ್ಲರೂ ಎಣಿಸಿದರು, ಎಲ್ಲರೂ ಬೇರೆ ಬೇರೆ ಕಡೆ ನಿಂತರು, ಎಲ್ಲರೂ ತಾವೇ ಸರಿ ಎಂದರು. ಜಗಳ ಜೋರಾಯಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಮೂರನೇ ತರಗತಿಯವನೊಬ್ಬ ನೀರು ಸೇದುವ ಹಗ್ಗ ತಂದ. ಚೀಟಿಯ ಹಿಂಬದಿಯಲ್ಲಿ ಸುತ್ತಿಗೆಯ ‘ಹೆಜ್ಜೆ’ ಎಂದು ನಾನು ಎಳೆದಿದ್ದ ಗೆರೆಗೆ ಹಗ್ಗ ಹಿಡಿದು, ಆ ಉದ್ದವನ್ನು ಹತ್ತು ಸಲ ನೆಲದ ಮೇಲೆ ಮಡಿಸುತ್ತ ಹೋದರು. ಗೇಣು, ಮೊಳ, ಅಡಿ ಯಾಕೆ ಸಾಲದೆ ಹೋಯಿತು, ಸ್ಕೇಲು ಯಾಕೆ ಬಂತು ಎಂಬ ಮುಂದಿನ ವಾರದ ಪಾಠಕ್ಕೆ ನನಗೆ ಪೀಠಿಕೆಯೇ ಬೇಕಾಗಲಿಲ್ಲ.

ಹಗ್ಗ ಮುಗಿದ ಕಡೆ, ಕಲ್ಲಿನ ಕೆಳಗೆ, ಬಟ್ಟೆಯ ಪುಟ್ಟ ಗಂಟು. ಒಳಗೆ ಜಜ್ಜಿದ ಎಲೆ. ಇದನ್ನು ಒಂದನೇ ತರಗತಿಯವರು ಮಾತ್ರ ಮುಟ್ಟಬಹುದು ಎಂದಿದ್ದೆ. ಅವರು ಮೂಸಿ, ಕೈತೋಟದ ಗಿಡಗಿಡವನ್ನೂ ಮೂಸುತ್ತ ಹೋದರು. ದೊಡ್ಡವರು ಹಿಂದೆ ಕೈಕಟ್ಟಿ ನಡೆದರು. ತುಳಸಿಯ ಬಳಿ ಸ್ವಲ್ಪ ಗೊಂದಲವಾಯಿತು, ದೊಡ್ಡಪತ್ರೆಯ ಬಳಿ ಇನ್ನೂ ಸ್ವಲ್ಪ. ಕರಿಬೇವು ಸಿಕ್ಕಾಗ ಎದ್ದ ಕೂಗು ರಸ್ತೆಯಾಚೆಯ ಅಂಗಡಿಗೂ ಕೇಳಿಸಿರಬೇಕು. ಬಕೆಟ್ ಎತ್ತುವ ಮೊದಲು ಇನ್ನೊಂದು ಕಾಗದ ಉಳಿದಿತ್ತು, ಅರಿಶಿನ ಬಳಿದು ಒಣಗಿಸಿದ ಹಳದಿ ಹಾಳೆ. ಅದರ ಮೇಲೆ ಸೋಪು ನೀರಿನಲ್ಲಿ ಅದ್ದಿದ ಹತ್ತಿಯನ್ನು ಒರೆಸಿದರೆ ಹಾಳೆಯೆಲ್ಲ ಕೆಂಪಾಗುತ್ತದೆ, ನಾನು ಮೊದಲೇ ಮೇಣದಬತ್ತಿಯಿಂದ ಒತ್ತಿ ಬರೆದ ಅಕ್ಷರ ಮಾತ್ರ ಹಳದಿಯಾಗಿಯೇ ಉಳಿಯುತ್ತದೆ. ‘ಬಕೆಟ್’ ಎಂದು ಓದಿದವರು ಮೂರನೇ ತರಗತಿಯವರು.

ಈ ಅರಿಶಿನದ ಹಾಳೆಯ ಬಗ್ಗೆ ಒಂದು ಮಾತು. ನಿಂಬೆರಸದಲ್ಲಿ ಬರೆದು ಬಿಸಿ ತಾಗಿಸಿ ಓದುವ ಗುಪ್ತಲಿಪಿ ಹೆಚ್ಚು ಹೆಸರುವಾಸಿ, ಆದರೆ ಅದಕ್ಕೆ ದೀಪವೋ ಇಸ್ತ್ರಿ ಪೆಟ್ಟಿಗೆಯೋ ಬೇಕು. ಚಿಕ್ಕವರ ಕೈಯಲ್ಲಿ ಆ ಸಾಹಸ ಬೇಡ. ಅರಿಶಿನಕ್ಕೆ ಸುಣ್ಣ ಹಾಕಿದರೆ ಬಣ್ಣ ಇನ್ನೂ ಗಾಢವಾಗಿ ಬರುತ್ತದೆ ನಿಜ, ಸುಣ್ಣ ಕಣ್ಣಿಗೆ ಬಿದ್ದರೆ ಅನಾಹುತ, ಸೋಪು ಸಾಕು. ಅದೂ ಅಲ್ಲದೆ ಮಕ್ಕಳಿಗೆ ಇದು ಪರಿಚಯದ ವಿದ್ಯೆ. “ಟೀಚರ್, ಇದು ಆರತಿ ನೀರು!” ಎಂದು ಒಬ್ಬಳು ಕಂಡುಹಿಡಿದಳು. ಮದುವೆ ಮನೆಯ ಬಾಗಿಲಲ್ಲಿ ಓಕುಳಿ ನೀರು ಕೆಂಪಾಗುವುದೂ ಅರಿಶಿನಕ್ಕೆ ಸುಣ್ಣ ಬೆರೆತಾಗಲೇ. ನಿಂಬೆಹಣ್ಣು ಹಿಂಡಿದರೆ ಕೆಂಪು ಮತ್ತೆ ಹಳದಿಗೆ ತಿರುಗುವುದನ್ನು ತೋರಿಸಿದ್ದೇ ತಡ, ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಬಣ್ಣ ಬದಲಿಸುತ್ತ ಸುತ್ತಿಗೆಯನ್ನೇ ಮರೆತರು. ಊಟದ ಗಂಟೆ ತಡವಾಯಿತು.

ಸುತ್ತಿಗೆಯ ಆಟ ಮುಗಿದ ಮೇಲೂ ಮಕ್ಕಳು ಬಿಡಲಿಲ್ಲ. ಆದ್ದರಿಂದ ಆ ತಿಂಗಳ ಪರಿಸರ ಅಧ್ಯಯನ ಮತ್ತು ಗಣಿತದ ಕೆಲವು ಚಟುವಟಿಕೆಗಳನ್ನೇ ಪ್ರಕರಣಗಳನ್ನಾಗಿ ಮಾಡಿದೆ. ಅದಕ್ಕೆ ಮೊದಲು ಕೋಣೆಯ ಚಪ್ಪರದಲ್ಲಿ, ಅಂದರೆ ಮಕ್ಕಳ ಕೆಲಸಗಳನ್ನು ತೂಗುಹಾಕುವ ಹಗ್ಗಗಳ ಸಾಲಿನಲ್ಲಿ, ಎರಡು ಹಗ್ಗಗಳನ್ನು ಖಾಲಿ ಮಾಡಿದೆ. ಒಂದಕ್ಕೆ ‘ಕಂಡದ್ದು’, ಇನ್ನೊಂದಕ್ಕೆ ‘ಅಂದುಕೊಂಡದ್ದು’ ಎಂದು ಚೀಟಿ ಅಂಟಿಸಿದೆ. ಪತ್ತೆಗೆ ಹೊರಟವರು ತಂದ ಪ್ರತಿ ಸಂಗತಿಯನ್ನೂ ಬರೆದೋ ಚಿತ್ರ ಬಿಡಿಸಿಯೋ ಎರಡರಲ್ಲಿ ಒಂದಕ್ಕೆ ಸಿಕ್ಕಿಸಬೇಕು. ‘ನೆಲ ಒದ್ದೆಯಾಗಿದೆ’ ಮೊದಲ ಹಗ್ಗಕ್ಕೆ. ‘ರಾತ್ರಿ ಮಳೆ ಬಂದಿದೆ’ ಎರಡನೆಯದಕ್ಕೆ. ಅಕ್ಕ ನೀರು ಚೆಲ್ಲಿರಲೂಬಹುದಲ್ಲ! ಒಂದು ಹಗ್ಗದಿಂದ ಇನ್ನೊಂದಕ್ಕೆ ಚೀಟಿ ದಾಟಬೇಕಾದರೆ “ಹೇಗೆ ಗೊತ್ತು?” ಎಂಬ ಪ್ರಶ್ನೆಗೆ ಉತ್ತರ ಬೇಕು. ನನ್ನ ಇಡೀ ಯೋಜನೆಯಲ್ಲಿ ಖರ್ಚೇ ಇಲ್ಲದ ಭಾಗ ಇದು, ಅತಿ ಹೆಚ್ಚು ಕೆಲಸಕ್ಕೆ ಬಂದದ್ದೂ ಇದೇ. ಒಂದು ದಿನ ನಿಜವಾಗಿಯೇ ಒಂದು ಕಂಪಾಸ್ ಡಬ್ಬಿ ಕಾಣೆಯಾಯಿತು. ಎಂದಿನಂತೆ ಒಂದು ಹೆಸರು ಹೊರಬಿತ್ತು. ಹಿಂದಿನ ಸಾಲಿನಿಂದ ಯಾರೋ, “ಅದು ಎರಡನೇ ಹಗ್ಗದ್ದು” ಎಂದರು. ಹೆಸರು ಹೇಳಿದವನು ಸುಮ್ಮನಾದ.

ಬೆರಳಚ್ಚಿನ ಪ್ರಕರಣಕ್ಕೆ ಬೇಕಾದ ಸಾಮಾನು ಪೆನ್ಸಿಲು, ಬಿಳಿ ಹಾಳೆ, ಪಾರದರ್ಶಕ ಟೇಪು. ಹಾಳೆಯ ಮೇಲೆ ಪೆನ್ಸಿಲನ್ನು ಒತ್ತಿ ಉಜ್ಜಿ ಕಪ್ಪು ಮಾಡಿಕೊಂಡು, ಬೆರಳನ್ನು ಅದರ ಮೇಲೆ ತಿಕ್ಕಿ, ಬೆರಳಿಗೆ ಟೇಪು ಅಂಟಿಸಿ ಮೆಲ್ಲಗೆ ಎಬ್ಬಿಸಿ ಬಿಳಿ ಹಾಳೆಗೆ ಅಂಟಿಸಿದರೆ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಮುದ್ರೆಯ ಪ್ಯಾಡಿನ ಶಾಯಿಗಿಂತ ಇದು ವಾಸಿ, ಸಮವಸ್ತ್ರಕ್ಕೆ ಹತ್ತುವುದಿಲ್ಲ. ಗೆರೆಗಳು ಮುಖ್ಯವಾಗಿ ಮೂರು ಬಗೆ. ಒಂದು ಕಡೆಯಿಂದ ಬಂದು ತಿರುಗಿ ಅದೇ ಕಡೆಗೆ ಹೋಗುವ ಕುಣಿಕೆ, ಸುತ್ತಿಕೊಂಡ ಸುಳಿ, ಗುಡ್ಡದಂತೆ ಏರಿ ಇಳಿಯುವ ಕಮಾನು. ಸಾಮಾನ್ಯವಾಗಿ ನೂರು ಬೆರಳುಗಳಲ್ಲಿ 60–65 ಕುಣಿಕೆ, 30–35 ಸುಳಿ, ಸುಮಾರು 5 ಕಮಾನು ಎನ್ನುತ್ತಾರೆ. ನಮ್ಮ ಮಕ್ಕಳು ತಮ್ಮ ಬಲಗೈ ಹೆಬ್ಬೆರಳಿನ ಗೆರೆ ಯಾವ ಬಗೆಯದೋ ಆ ಬಗೆಯ ಸಾಲಿಗೆ ಒಂದೊಂದು ಬೆಂಕಿಪೊಟ್ಟಣವನ್ನು ಪೇರಿಸುತ್ತ ಹೋದರು. ಕುಣಿಕೆಯ ಗೋಪುರ ಎಲ್ಲಕ್ಕಿಂತ ಎತ್ತರವಾಗಿ ವಾಲತೊಡಗಿತು, ಕಮಾನಿನದು ಮೇಲೇಳಲೇ ಇಲ್ಲ. ಸ್ತಂಭಾಲೇಖ (ಬಾರ್ ಗ್ರಾಫ್) ಎಂಬ ಪದವನ್ನು ನಾನು ಆ ದಿನ ಬಾಯಿಬಿಟ್ಟು ಹೇಳಲಿಲ್ಲ.

ಬೆರಳಚ್ಚಿನ ವಿದ್ಯೆ ಎಲ್ಲಿಯದೋ ವಿದೇಶದ ಸರಕು ಎಂದು ನಾನೂ ತಿಳಿದಿದ್ದೆ. ತಯಾರಿಗಾಗಿ ಓದುವಾಗ ಸಿಕ್ಕಿದ್ದು ಬೇರೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯಚ್ಚು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಕ್ರಮಕ್ಕೆ ಆಗ ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿತು, ಅದರ ಲೆಕ್ಕಾಚಾರದಲ್ಲಿ ದುಡಿದವರು ಅವನ ಕೈಕೆಳಗಿನ ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಇದನ್ನೆಲ್ಲ ಏಳು ವರ್ಷದವರಿಗೆ ಹೇಳಿ ಪ್ರಯೋಜನವಿಲ್ಲ. ಅಂಗೈಯಚ್ಚಿನ ಕಥೆಯಷ್ಟನ್ನೇ ಹೇಳಿದೆ. ಅವರಿಗೆ ಬೆರಳಚ್ಚು ಎಂದರೆ ನ್ಯಾಯಬೆಲೆ ಅಂಗಡಿ. “ನಮ್ಮಜ್ಜಿಯ ಬೆರಳು ಯಂತ್ರಕ್ಕೆ ಸಿಗುವುದೇ ಇಲ್ಲ, ಟೀಚರ್. ಒರೆಸಿ ಒರೆಸಿ ಇಡಬೇಕು” ಎಂದು ಒಬ್ಬಳು ಹೇಳಿದಳು. ಮರುದಿನ ಅವಳೇ ಅಜ್ಜಿಯ ಹೆಬ್ಬೆರಳನ್ನು ಟೇಪಿನಲ್ಲಿ ಎತ್ತಿ ತಂದಿದ್ದಳು. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು. ಅಲ್ಲಲ್ಲಿ ಗೆರೆ, ಉಳಿದ ಕಡೆ ಬಯಲು. ಅದನ್ನು ತನ್ನ ಅಚ್ಚಿನ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ‘ಅಜ್ಜಿಯ ಗೆರೆ ಅಳಿಸಿದೆ’ ಎಂದು ಮೊದಲ ಹಗ್ಗಕ್ಕೂ ‘ಅಜ್ಜಿ ತುಂಬಾ ಕೆಲಸ ಮಾಡಿದ್ದಾಳೆ’ ಎಂದು ಎರಡನೆಯದಕ್ಕೂ ಸಿಕ್ಕಿಸಿದಳು. ಎರಡನೆಯದನ್ನು ಮೊದಲನೆಯದಕ್ಕೆ ದಾಟಿಸಬೇಕೆಂದು ಕೋಣೆಯಲ್ಲಿ ಮತ ಬಂತು, ಕೆಲಸ ಮಾಡುವುದನ್ನು ತಾವೆಲ್ಲ ಕಂಡಿದ್ದೇವೆ ಎಂಬ ವಾದದ ಮೇಲೆ. ದಾಟಿತು.

ಅಚ್ಚುಗಳನ್ನು ಆ ದಿನವೇ ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳುಹಿಸಿದೆ. ಹೆಸರು ಬರೆದ ಬೆರಳಚ್ಚುಗಳನ್ನು ಶಾಲೆಯ ಗೋಡೆಗೆ ಅಂಟಿಸಿಡುವುದು ಸರಿಯಲ್ಲ.

ಪೆನ್ನಿನ ಪ್ರಕರಣ ಚಿಕ್ಕದು. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ, ಮೇಜಿನ ಮೇಲೆ ಬೇರೆ ಬೇರೆ ಕಂಪನಿಯ ಕಪ್ಪು ಪೆನ್ನುಗಳು. ಚೀಟಿ ಬರೆದ ಪೆನ್ನು ಯಾವುದು? ಒಂದೊಂದು ಪೆನ್ನಿನಿಂದ ಒಂದೊಂದು ಚಾಕ್‌ಪೀಸಿನ ಬುಡಕ್ಕಿಂತ ಸ್ವಲ್ಪ ಮೇಲೆ ಉಂಗುರ ಎಳೆದು, ತಟ್ಟೆಯ ತೆಳು ನೀರಿನಲ್ಲಿ ನಿಲ್ಲಿಸಬೇಕು. ನೀರು ಉಂಗುರವನ್ನು ಮುಳುಗಿಸಬಾರದು. ನೀರು ಏರಿದಂತೆ ಕಪ್ಪು ಒಡೆದು ನೀಲಿ, ಕೆಂಪು, ಹಳದಿ ಹೊರಬರುತ್ತವೆ, ಒಂದೊಂದು ಪೆನ್ನಿಗೆ ಒಂದೊಂದು ಸಾಲು. ಚೀಟಿಯ ತುಂಡನ್ನೂ ನೀರಿಗೆ ತಾಗಿಸಿ ಹೋಲಿಸಿದರೆ ಮುಗಿಯಿತು. ಅಳಿಸಲಾಗದ ಶಾಯಿಯ ಮಾರ್ಕರ್ ತಂದರೆ ಏನೂ ಏರುವುದಿಲ್ಲ, ನೀರಿನಲ್ಲಿ ಕರಗುವ ಶಾಯಿಯೇ ಬೇಕು. ಬಿಳಿ ಪುಡಿಗಳದೂ ಹಾಗೆಯೇ. ಉಪ್ಪು, ಸಕ್ಕರೆ, ಅಕ್ಕಿಹಿಟ್ಟು, ರಂಗೋಲಿ ಪುಡಿ, ಅಡುಗೆ ಸೋಡಾ. ಬಾಯಿಗೆ ಹಾಕದೆ ಗುರುತಿಸಬೇಕು. ಕರಗುವುದು ಯಾವುದು, ತಳಕ್ಕಿಳಿಯುವುದು ಯಾವುದು, ನಿಂಬೆರಸ ಬಿದ್ದೊಡನೆ ಭುಸ್ಸೆಂದು ನೊರೆಯೇಳುವುದು ಯಾವುದು ಎಂದು ನೋಡುತ್ತ ಹೋದರೆ ಒಂದೊಂದಾಗಿ ಪಟ್ಟಿಯಿಂದ ಬೀಳುತ್ತವೆ. ಉಪ್ಪು, ಸಕ್ಕರೆಗಳ ಮಧ್ಯೆ ತೀರ್ಪು ಹೇಳಲು ಭೂತಗನ್ನಡಿ ಬೇಕಾಯಿತು. ಭೂತಗನ್ನಡಿಯನ್ನು ನೆರಳಿನಲ್ಲಿ ಮಾತ್ರ ಬಳಸಲು ಕೊಟ್ಟೆ. ಬಿಸಿಲಿಗೆ ಹಿಡಿದರೆ ತರಗೆಲೆ ಹೊತ್ತಿಕೊಳ್ಳುವುದನ್ನು ಕಂಡುಹಿಡಿಯಲು ಅವರಿಗೆ ಯಾವ ಸುಳಿವೂ ಬೇಕಿಲ್ಲ.

ಅಂಗನವಾಡಿಯ ಪುಟಾಣಿಗಳೂ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಅವರಿಗಾಗಿ ತಟ್ಟೆಯಲ್ಲಿ ಬಳೆ, ಹುಣಸೆಬೀಜ, ಚಮಚ, ಹೂವು ಇಟ್ಟು, ಟವೆಲ್ ಮುಚ್ಚಿ ಒಂದನ್ನು ತೆಗೆದು, ಮಾಯವಾದದ್ದು ಯಾವುದು ಎಂದು ಕೇಳುವ ಆಟ ಸಾಕಾಯಿತು. ಅದಕ್ಕಿಂತ ಹೆಚ್ಚಿನದನ್ನು ಆ ವಯಸ್ಸಿಗೆ ಹೊರಿಸಬಾರದು.

ನನಗೇ ಉತ್ತರ ಗೊತ್ತಿಲ್ಲದ ಪ್ರಕರಣ ಒಂದಾದರೂ ಇರಲಿ ಎಂದು ಮರಳಿನದನ್ನು ಸೇರಿಸಿದ್ದೆ. ಕಟ್ಟಡದ ಕೆಲಸಕ್ಕೆ ತಂದು ಮಿಕ್ಕಿದ್ದ ಮರಳನ್ನು ಹಿತ್ತಿಲಿನಲ್ಲಿ ಹರಡಿ, ಸಂಜೆ ಹಲಗೆಯಿಂದ ಸವರಿ, ನೀರು ಚಿಮುಕಿಸಿ ಹೋದರೆ ಬೆಳಗ್ಗೆ ಅದರ ಮೇಲೆ ರಾತ್ರಿಯ ಲೆಕ್ಕವೆಲ್ಲ ಇರುತ್ತದೆ. ನಾಯಿಯದು ನಾಲ್ಕು ಬೆರಳು, ಉಗುರಿನ ಚುಕ್ಕೆ ಸಮೇತ. ಬೆಕ್ಕಿನದರಲ್ಲಿ ಉಗುರು ಕಾಣುವುದಿಲ್ಲ, ನಡೆಯುವಾಗ ಅದು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಮೇಕೆಯದೂ ಹಸುವಿನದೂ ಸೀಳು ಗೊರಸು, ಅಳತೆಯಲ್ಲಿ ವ್ಯತ್ಯಾಸ. ಇವೆಲ್ಲ ನಮ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಬೆಳಗ್ಗೆ ಮಾತ್ರ ಕೋಳಿ ಹೆಜ್ಜೆಯ ಹಾಗೇ ಮುಂದೆ ಮೂರು ಬೆರಳು, ಹಿಂದೊಂದು ಗುರುತು. ಗಾತ್ರ ಮಗುವಿನ ಅಂಗೈಯಷ್ಟು. ‘ದೊಡ್ಡ ಕೋಳಿ’ ಎಂದು ಎರಡನೇ ಹಗ್ಗಕ್ಕೆ ಚೀಟಿ ಬಂತು. ಹುಂಜವೊಂದನ್ನು ಹಿಡಿದು ತಂದು ಮರಳಿನ ಮೇಲೆ ನಡೆಸಿ, ಪಕ್ಕದಲ್ಲಿಟ್ಟು ಅಳೆದರು. ಹೊಂದಲಿಲ್ಲ. ಕುರಿ ಮೇಯಿಸುವ ತಾತನನ್ನು ಬೇಲಿಯ ಬಳಿ ನಿಲ್ಲಿಸಿ ಕೇಳಿದರು. ತಾತ ಬಗ್ಗಿ ನೋಡಿ, “ನವಿಲು ಕಣಪ್ಪ. ರಾಗಿ ಹೊಲಕ್ಕೆ ದಿನಾ ಬರುತ್ತದೆ” ಎಂದ. ತಾತ ಹೇಳಿದ್ದು ಯಾವ ಹಗ್ಗಕ್ಕೆ ಎಂಬ ಚರ್ಚೆ ಇನ್ನೂ ನಡೆದಿದೆ. ತಾತನೇನೋ ನವಿಲನ್ನು ಕಂಡಿದ್ದಾನೆ, ಆದರೆ ಈ ಮರಳಿನ ಮೇಲೆ ಕಂಡಿಲ್ಲ ಎನ್ನುವುದು ಒಂದು ಪಕ್ಷ. ಗರಿ ಸಿಕ್ಕಿದರೆ ಒಪ್ಪುತ್ತೇವೆ ಎನ್ನುವುದು ಇನ್ನೊಂದು.

ಮಳೆ ಹಿಡಿದ ಮೇಲೆ ಮರಳು ಕೆಲಸಕ್ಕೆ ಬಾರದು. ಮುಂದಿನ ಪ್ರಕರಣ ಎಲೆಗಳದೆಂದು ಬರೆದಿಟ್ಟುಕೊಂಡಿದ್ದೇನೆ. ಗುಲಾಬಿ ಎಲೆಯ ಅಂಚನ್ನು ಅರ್ಧ ಬಳೆಯಂತೆ ನುಣ್ಣಗೆ ಕತ್ತರಿಸಿದ್ದು ಯಾವುದು, ನಿಂಬೆ ಎಲೆಯೊಳಗೆ ಬೆಳ್ಳಗೆ ಡೊಂಕು ದಾರಿ ಕೊರೆದದ್ದು ಯಾವುದು, ಕರಿಬೇವಿನ ಚಿಗುರನ್ನು ಬೋಳಿಸಿದ್ದು ಯಾವುದು ಎಂದು ಹುಡುಕಬೇಕು. ಮೇಷ್ಟ್ರು ತಮ್ಮ ಐದನೇ ತರಗತಿಯವರನ್ನೂ ಸೇರಿಸಿಕೊಳ್ಳಿ ಎಂದಿದ್ದಾರೆ. ಅಡುಗೆಯ ಅಕ್ಕನದು ಒಂದೇ ಷರತ್ತು, ಪತ್ತೆ ಎಷ್ಟು ದಿನವಾದರೂ ನಡೆಯಲಿ, ಒಗ್ಗರಣೆಗೆಂದು ಒಂದು ರೆಂಬೆಯನ್ನು ಮಾತ್ರ ಹುಳಕ್ಕೂ ಮಕ್ಕಳಿಗೂ ಬಿಡುವುದಿಲ್ಲ.